ಆ ‘ಓ’ ಕರೆಯುವ ‘ಓ’ ಅಲ್ಲ

‘ಓ ಸೋಲೆ ಮಿಯೊ’ ಎಂಬ ಇಟಾಲಿಯನ್ ಪ್ರೇಮಗೀತೆಗೆ ‘ಓ ನನ್ನ ಸೂರ್ಯನೇ’ ಎಂದು ಅರ್ಥವಂತೆ. ಪ್ರೇಮಿ ಸೂರ್ಯನನ್ನೇಕೆ ಕೂಗುತ್ತಾನೆ? ಅಷ್ಟಕ್ಕೂ ಇಟಲಿಯ ಒಪೆರಾ ಗಾಯಕ ಪವರೊಟ್ಟಿಯ ಕಂಠವೊಂದೇ ಸಾಲದೇ, ಅರ್ಥವೇಕೆ ಬೇಕು?
– ಓದುಗರೊಬ್ಬರು, ಶಿವಮೊಗ್ಗ

ಕಂಠ ಸಾಕೆಂದರೆ ಸಾಕು. ತೆಲುಗು ತಿಳಿಯದೆಯೇ ತ್ಯಾಗರಾಜರ ಕೃತಿಗೆ ತಲೆದೂಗುವವರು ನಮ್ಮಲ್ಲಿ ಎಷ್ಟಿಲ್ಲ! ಆದರೆ ನೀವು ಅರ್ಥವನ್ನೂ ಕೇಳಿಬಿಟ್ಟಿದ್ದೀರಿ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಹಾಸ್ಟೆಲಿನ ದಿನಗಳಲ್ಲಿ ಗೆಳೆಯನ ಕ್ಯಾಸೆಟ್ಟಿನಲ್ಲಿ ಇದನ್ನು ಕೇಳಿ, ರೋಮನರ ಸೂರ್ಯೋಪಾಸನೆ ಎಂದು ಇಡೀ ಕೋಣೆಗೆ ಉಪನ್ಯಾಸ ಕೊಟ್ಟವನು ನಾನು. ನಮ್ಮ ಕಿವಿಗೆ ‘ಓ’ ಎಂದರೆ ಕರೆ. ಅಲ್ಲಿ ಅದು ಇಂಗ್ಲಿಷಿನ ‘ದಿ’ ಇದ್ದಂತೆ, ಕನ್ನಡಕ್ಕೆ ಬೇಡವೇ ಬೇಡ. ‘ನನ್ನ ಸೂರ್ಯ’, ಅಷ್ಟೇ. ನಿಜವಾದ ಕರೆ ಪಲ್ಲವಿಯ ಒಳಗೆ ಅಡಗಿದೆ: ‘ಓಯೆ ನೆ’, ಅಂದರೆ ‘ಏ ಹುಡುಗಿ’. ಆಗಸದ ಸೂರ್ಯನಿಗಿಂತ ಚೆಲುವನಾದ ಇನ್ನೊಬ್ಬ ಸೂರ್ಯ, ನನ್ನ ಸೂರ್ಯ, ನಿನ್ನ ಮೊಗದಲ್ಲಿದ್ದಾನೆ ಎನ್ನುತ್ತಾನೆ ಅವನು. ಮೊದಲ ಚರಣದಲ್ಲಿ ಬಿರುಗಾಳಿ ಕಳೆದ ತಿಳಿಗಾಳಿ. ಎರಡನೆಯದರಲ್ಲಿ ಅವಳ ಕಿಟಕಿಯ ಗಾಜು ಹೊಳೆಯುತ್ತದೆ, ಬಟ್ಟೆ ಒಗೆಯುವವಳೊಬ್ಬಳು ಹಿಂಡುತ್ತ, ಹರವುತ್ತ, ಹಾಡುತ್ತಾಳೆ. ನನಗಂತೂ ಪ್ರೇಮಿಗಿಂತ ಅವಳೇ ಇಷ್ಟ. 1960ರಲ್ಲಿ ಎಲ್ವಿಸ್ ಪ್ರೆಸ್ಲಿ ಇದೇ ಧಾಟಿಗೆ ಹಾಡಿದ ಇಂಗ್ಲಿಷ್ ಹಾಡಿನಲ್ಲಿ ಸೂರ್ಯನೂ ಇಲ್ಲ, ಬಟ್ಟೆ ಒಗೆಯುವವಳೂ ಇಲ್ಲ. ಈಗಲೇ ಒಪ್ಪು, ಇಲ್ಲವಾದರೆ ಎಂದಿಗೂ ಇಲ್ಲ ಎಂಬ, ಸಾಲ ಕೊಟ್ಟವನ ತಗಾದೆಯಷ್ಟೇ ಇದೆ.

ನಿಮ್ಮ ದೊಡ್ಡ ತಪ್ಪು ಬೇರೆ. ಇದು ಇಟಾಲಿಯನ್ ಹಾಡೇ ಅಲ್ಲ. 1898ರಲ್ಲಿ ಜೊವಾನ್ನಿ ಕಪುರ್ರೊ ಇದನ್ನು ಬರೆದದ್ದು ಇಟಲಿಯದೇ ಆದ ನೇಪಲ್ಸ್ ಊರಿನ ಭಾಷೆಯಲ್ಲಿ. ರಾಗ ಕಟ್ಟಿದವನು ಎದ್ವಾರ್ದೊ ದಿ ಕಾಪುವಾ. ಇಟಾಲಿಯನ್ನಿನಲ್ಲಾದರೆ ‘ಇಲ್ ಮಿಯೊ ಸೋಲೆ’ ಆಗುತ್ತಿತ್ತು. 1990ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿನಲ್ಲಿ ರೋಮಿನಲ್ಲಿ ಮೂವರು ಟೆನರ್ (ಏರುದನಿಯ) ಗಾಯಕರು ಇದನ್ನು ಹಾಡಿದಾಗ ಜಗತ್ತೇ ‘ಇಟಲಿಯ ಹಾಡು’ ಎಂದು ಕುಣಿಯಿತು. ಒಂಬತ್ತು ವರ್ಷಗಳ ಬಳಿಕ ಅದೇ ಇಟಲಿ ಹನ್ನೆರಡು ಅಲ್ಪಸಂಖ್ಯಾತ ಭಾಷೆಗಳಿಗೆ ಕಾನೂನಿನ ಮನ್ನಣೆ ಕೊಟ್ಟಿತು. ಈ ಹಾಡಿನ ಭಾಷೆ ಆ ಪಟ್ಟಿಯಲ್ಲಿಲ್ಲ. ಹಾಡನ್ನು ಪಡಸಾಲೆಗೆ ಕರೆದು, ಹಾಡಿದ ನಾಲಿಗೆಯನ್ನು ಜಗುಲಿಯಲ್ಲೇ ಕೂರಿಸಿದ ಹಾಗೆ.

ನಗಬೇಡಿ. ತುಳು, ಕೊಡವ ಭಾಷೆಗಳು ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದ ಹೊರಗೇ ನಿಂತಿವೆ. ಸರ್ಕಾರವನ್ನು ಬೈಯುವುದು ಸುಲಭ. ಹಿಂದೊಮ್ಮೆ ಇದೇ ಪತ್ರಿಕೆಯಲ್ಲಿ ತುಳು ಪಾಡ್ದನದ ಮೇಲಿನ ಲೇಖನಕ್ಕೆ ‘ಕನ್ನಡದ ಜನಪದ ಗೀತೆ’ ಎಂಬ ತಲೆಬರಹ ಬಂದಿತ್ತು. ಕರಡು ನೋಡಿ ಸಹಿ ಹಾಕಿದವನು ನಾನೇ.