ಕಳಲೆ, ಕಣಿಲೆ, ಬೈಂಬಳೆ

ಮಗಳನ್ನು ಇಲ್ಲೇ ಬಿಕಾಂಗೆ ಸೇರಿಸ್ತೀರಿ ಅಂತ ಕೇಳಿ ಖುಷಿಯಾಯಿತು. ಲೆಕ್ಕ ಕಲಿಯೋ ಮಕ್ಕಳಿಗೆ ಕನ್ನಡ, ಪರಿಸರ, ಸಂವಿಧಾನ ಎಲ್ಲ ಸುಮ್ನೆ ಹೊರೆ ಅಲ್ವಾ ಅಂತ ಕೇಳಿದ್ದೀರಿ. ನಾನು ಕೊಡಗಿನ ವಿರಾಜಪೇಟೆ ಕಡೆಯವನು, ಕೆಲವು ವರ್ಷ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡಿದವನು. ಹೊರೆ ಅಲ್ಲವೇ ಅಲ್ಲ.

ನಮ್ಮ ಊರಿಂದ ಮಾಕುಟ್ಟ ಘಾಟಿ ದಾಟಿದರೆ ಕೇರಳ. ಮನೆಯಲ್ಲಿ ಕೊಡವ ತಕ್ಕ್, ಮಲಯಾಳ, ಅರೆಭಾಷೆ, ತುಳು, ಯರವ ಭಾಷೆ ಆಡುವ ಮಕ್ಕಳು ಒಂದೇ ಕಾಲೇಜಿಗೆ ಬರುತ್ತಾರೆ. ಬಿಎ, ಬಿಕಾಂ, ಬಿಎಸ್ಸಿ ಕೋಣೆಗಳು ಬೇರೆ ಬೇರೆ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದದ್ದು ಈ ಸಾಮಾನ್ಯ ಪೇಪರುಗಳಿಗೆ ಮಾತ್ರ.

ಒಂದು ದಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ಅರ್ಧ ಕ್ಲಾಸ್ ಖಾಲಿ. ಬುತ್ತಿಗೆ ಏನು ತಂದಿದ್ದೀರಿ ಅಂತ ಕೇಳಿದೆ. ಬಿಕಾಂ ಹುಡುಗಿಯೊಬ್ಬಳು ಬೈಂಬಳೆ ಅಂದಳು. ಸಂಪಾಜೆ ಕಡೆಯ ಹುಡುಗ, ಅದು ಕಣಿಲೆ ಅಂದ. ನಾನು ಬೋರ್ಡಿನ ಮೇಲೆ ಕಳಲೆ ಅಂತ ಬರೆದೆ. ಎಲ್ಲ ಒಂದೇ, ಬಿದಿರಿನ ಎಳೆ ಮೊಳಕೆ. ಅಜ್ಜಿ ಅದನ್ನು ಹೆಚ್ಚಿ ಎರಡು ಮೂರು ದಿನ ನೆನೆಹಾಕಿ, ದಿನಾ ನೀರು ಚೆಲ್ಲುವುದು ಯಾಕೆ ಅಂತ ಅದೇ ಹುಡುಗಿ ಕೇಳಿದಳು. ಉತ್ತರ ಕೊಟ್ಟವನು ಬಿಎಸ್ಸಿ ಹುಡುಗ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ನೆನೆಸಿ ಬೇಯಿಸಿದರೆ ಕಡಿಮೆಯಾಗುತ್ತದೆ ಅಂತ ಬಿಡಿಸಿ ಹೇಳಿದ. ಅವಳು ಲೆಕ್ಕದ ನೋಟ್ಸಿನ ಹಿಂದಿನ ಹಾಳೆಯಲ್ಲಿ ಅದನ್ನು ಬರೆದುಕೊಂಡಳು.

ಪರಿಸರದ ಪೇಪರೂ ಹಾಗೆಯೇ. 2019ರಲ್ಲಿ ನಮ್ಮ ತಾಲ್ಲೂಕಿನ ತೋರ ಎಂಬ ಊರಲ್ಲಿ ಬೆಟ್ಟ ಕುಸಿಯಿತು. ಇಲ್ಲಿನ ಮಕ್ಕಳಿಗೆ ಭೂಕುಸಿತ ಬರೀ ಐದು ಮಾರ್ಕಿನ ಪ್ರಶ್ನೆ ಅಲ್ಲ.

ನನಗೆ ಬೇಜಾರು ಬೇರೆಯೇ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಜೊತೆ ಓಪನ್ ಎಲೆಕ್ಟಿವ್ ಬಂತು. ಬೇರೆ ವಿಭಾಗದ ವಿಷಯವೊಂದನ್ನು ಮಕ್ಕಳೇ ಆರಿಸಬೇಕಿತ್ತು. ಒಳ್ಳೆಯ ಯೋಚನೆ. ಆದರೆ ಸಣ್ಣ ಕಾಲೇಜಿನಲ್ಲಿ ಯಾವ ಮೇಷ್ಟ್ರಿಗೆ ಪೀರಿಯಡ್ ಕಡಿಮೆಯೋ ಅವರ ವಿಷಯವೇ ಮಕ್ಕಳ ಆಯ್ಕೆ ಆಗುತ್ತಿತ್ತು! ಅಷ್ಟರಲ್ಲಿ ಮಂಗಳೂರು ವಿವಿಯಿಂದ ಬೇರೆಯಾಗಿ ಕೊಡಗು ವಿವಿ ಬಂತು. 2024-25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ಪೇಪರುಗಳೂ ಬದಲಾದವು. ಒಂದು ಪಾಠ ಕೈಗೆ ಹತ್ತುವಷ್ಟರಲ್ಲಿ ಇನ್ನೊಂದು ಸಿಲಬಸ್.

ಸೇರಿಸುವ ಮೊದಲು ಟೈಮ್‌ಟೇಬಲ್ ಕೇಳಿ ನೋಡಿ. ಕನ್ನಡ, ಪರಿಸರದಂಥ ಸಾಮಾನ್ಯ ಕ್ಲಾಸುಗಳನ್ನು ಕೊನೆಯ ಪೀರಿಯಡ್‌ಗೆ ಹಾಕಿದ್ದರೆ ದೂರದ ಕುಟ್ಟದ ಕಡೆಯ ಮಕ್ಕಳು ಬಸ್ಸಿಗೆ ಎದ್ದು ಹೋಗುತ್ತಾರೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಇದ್ದರೆ ಧೈರ್ಯವಾಗಿ ಸೇರಿಸಿ.