ವೆಸ್ಟರ್ನ್ ಸ್ವಿಂಗ್‌ನಲ್ಲಿ ಕಾರ್ಡ್‌ಗಳ ಜಾಡು ಹಿಡಿದು ಹಾಡುವಂತಹ ಲೀಡ್ ಗಿಟಾರ್ ನುಡಿಸುವುದನ್ನು ಕಲಿಯುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಲವು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೀರಿ, ಮೇಜರ್ ಮತ್ತು ಪೆಂಟಟಾನಿಕ್ ಸ್ಕೇಲ್‌ಗಳು ಕೈಗೆ ಕೂತಿವೆ, ವೆಸ್ಟರ್ನ್ ಸ್ವಿಂಗ್ ಎಂಬ ಅಮೆರಿಕದ ಕುಣಿತದ ಸಂಗೀತಕ್ಕೆ ಹೆಸರಾದ ಬಾಬ್ ವಿಲ್ಸ್ ತಂಡದ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಮೆಚ್ಚಿಕೊಂಡಿದ್ದೀರಿ, ಆದರೆ ಆ ಹಾಡುಗಳಿಗೆ ನೀವೇ ಲೀಡ್ (ಮಟ್ಟಿನಂತೆ ಮುಂದೆ ಕೇಳಿಸುವ ಒಂಟಿ ಸ್ವರಗಳ ಸಾಲು) ನುಡಿಸಲು ಹೊರಟಾಗ ಸ್ಕೇಲ್ ಹತ್ತಿ ಇಳಿದಂತೆ ಕೇಳಿಸುತ್ತದೆಯೇ ಹೊರತು ಹಾಡಿದಂತೆ ಕೇಳಿಸುವುದಿಲ್ಲ. ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬದಲಾದಾಗಲೆಲ್ಲ ಹೊಸ ಸ್ಕೇಲ್ ಕಲಿಯಬೇಕೇ, ಒಳಗೆ ಟೊಳ್ಳಾದ ಹಾಲೋ ಬಾಡಿ ಗಿಟಾರ್ ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಹೊಸ ಸ್ಕೇಲ್ ಒಂದೂ ಬೇಕಿಲ್ಲ. ಮೊದಲು ಹಾಡಿನ ಮಟ್ಟನ್ನು ಪೂರ್ತಿಯಾಗಿ ಕೈಗೆ ತಂದುಕೊಳ್ಳಬೇಕು, ಆಮೇಲೆ ಪ್ರತಿ ಕಾರ್ಡ್‌ನ (ಅದಕ್ಕೆ ಹೆಸರು ಕೊಟ್ಟ ಸ್ವರದಿಂದ ಎಣಿಸಿದಾಗ ಬರುವ) ಮೂರನೆಯ ಮತ್ತು ಏಳನೆಯ ಸ್ವರಗಳು ಫ್ರೆಟ್‌ಬೋರ್ಡ್ ಮೇಲೆ ಎಲ್ಲಿವೆ ಎಂಬುದನ್ನು ಕಣ್ಣು ಮುಚ್ಚಿ ಹೇಳುವಷ್ಟು ತಿಳಿದಿರಬೇಕು. ನಾನು ಬಾಲ್ಯದಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತು ಆಮೇಲೆ ಗಿಟಾರ್‌ಗೆ ಬಂದವನಾದ್ದರಿಂದ ಕೆಲವೆಡೆ ನಮ್ಮ ಸಂಗೀತದ ಪರಿಭಾಷೆಯನ್ನೇ ಬಳಸಿದ್ದೇನೆ.

ಈ ಸಂಗೀತ ಹುಟ್ಟಿದ ಜಾಗವನ್ನು ನೆನಪಿನಲ್ಲಿಟ್ಟುಕೊಂಡರೆ ಇದರಲ್ಲಿ ಲೀಡ್ ಏಕೆ ಹಾಡಿಗೆ ಅಂಟಿಕೊಂಡೇ ಇರುತ್ತದೆ ಎಂಬುದು ತಿಳಿಯುತ್ತದೆ. 1930ರ ದಶಕದಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಮಿಲ್ಟನ್ ಬ್ರೌನ್, 1934ರಿಂದ ಓಕ್ಲಹೋಮದ ಟಲ್ಸಾದಲ್ಲಿ ಕೆವಿಓಓ ರೇಡಿಯೊ ಮತ್ತು ಕೇನ್ಸ್ ಬಾಲ್‌ರೂಮ್ ಮೂಲಕ ಬಾಬ್ ವಿಲ್ಸ್, ಹಳ್ಳಿಯ ಪಿಟೀಲಿನ ಮಟ್ಟುಗಳಿಗೆ ಬ್ಲೂಸ್ ಮತ್ತು ಜಾಝ್ ಬೆರೆಸಿ ಜನರನ್ನು ಕುಣಿಸಿದರು. ಕುಣಿಯಲು ಬಂದವರಿಗೆ ಹಾಡು ಗೊತ್ತಿರುತ್ತಿತ್ತು. ನುಡಿಸುವವನು ಎಷ್ಟೇ ದೂರ ಹೋದರೂ ಹಾಡು ಎಲ್ಲಿದೆ ಎಂಬುದು ಅವರ ಕಾಲಿಗೆ ತಿಳಿಯುತ್ತಿರಬೇಕಿತ್ತು. ಗಿಟಾರ್ ವಾದಕರು ಮಾದರಿಯಾಗಿ ಇಟ್ಟುಕೊಂಡಿದ್ದು ಪಿಟೀಲನ್ನು ಮತ್ತು ಊದುವ ವಾದ್ಯಗಳನ್ನು. 1935ರಲ್ಲಿ ಬ್ರೌನ್ ತಂಡದ ಬಾಬ್ ಡನ್, ತಂತಿಗಳ ಮೇಲೆ ಲೋಹದ ಪಟ್ಟಿ ಜಾರಿಸಿ ನುಡಿಸುವ ವಿದ್ಯುತ್ ಸ್ಟೀಲ್ ಗಿಟಾರ್‌ನಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ಕೇಳಿದರೆ ಟ್ರಾಂಬೋನ್ ಊದುವವನ ಧಾಟಿ ಸ್ಪಷ್ಟವಾಗಿ ಕೇಳಿಸುತ್ತದೆ. ಊದುವವನು ಉಸಿರಿಗಾಗಿ ನಿಲ್ಲಲೇಬೇಕು, ಗಿಟಾರ್ ನುಡಿಸುವವನಿಗೆ ಆ ಕಟ್ಟುಪಾಡಿಲ್ಲ. ನಮ್ಮ ಲೀಡ್ ಕೊನೆಯಿಲ್ಲದ ಓಟವಾಗುವುದಕ್ಕೆ ಅರ್ಧ ಕಾರಣ ಅದೇ.

ಇನ್ನರ್ಧ ಕಾರಣ ಶ್ರುತಿಯ ಬಗೆಗಿನ ನಮ್ಮ ಅಭ್ಯಾಸ. ರಾಗದಲ್ಲಿ ಷಡ್ಜ ಕದಲುವುದಿಲ್ಲ, ಉಳಿದ ಸ್ವರಗಳ ಬೆಲೆಯೆಲ್ಲ ಅದರಿಂದಲೇ ನಿಗದಿಯಾಗುತ್ತದೆ, ಎಲ್ಲಿ ದಿಕ್ಕು ತಪ್ಪಿದರೂ ಷಡ್ಜಕ್ಕೆ ಬಂದು ನಿಂತರೆ ತಪ್ಪಾಗುವುದಿಲ್ಲ. ಕಾರ್ಡ್‌ಗಳ ಮೇಲೆ ಹಾಗಿಲ್ಲ. ಜಿ ಶ್ರುತಿಯ ಹಾಡೊಂದರ ಕೊನೆಯ ಸಾಲಿನಲ್ಲಿ ಇ ಸೆವೆನ್ತ್, ಎ ಸೆವೆನ್ತ್, ಡಿ ಸೆವೆನ್ತ್, ಮತ್ತೆ ಜಿ ಎಂಬ ಕ್ರಮ ಬಂದಿದೆ ಎಂದುಕೊಳ್ಳಿ; ವೆಸ್ಟರ್ನ್ ಸ್ವಿಂಗ್‌ನಲ್ಲಿ ಈ ಕ್ರಮ ಮೇಲಿಂದ ಮೇಲೆ ಸಿಗುತ್ತದೆ. ನಿಮ್ಮ ಜಿ ಮೇಜರ್ ಪೆಂಟಟಾನಿಕ್ ನಮ್ಮ ಮೋಹನದ ಸ್ವರಗಳೇ. ಆದರೆ ಇ ಸೆವೆನ್ತ್ ಕಾರ್ಡ್‌ನ ಮೂರನೆಯ ಸ್ವರ ಜಿ ಶಾರ್ಪ್, ಜಿಗಿಂತ ಅರ್ಧ ಸ್ವರ ಮೇಲಿನದು. ಆ ಕಾರ್ಡ್ ಮೊಳಗುತ್ತಿರುವಾಗ ನೀವು ನಂಬಿಕೆಯಿಂದ ಜಿ ಮೇಲೆ ಬಂದು ನಿಂತರೆ, ಷಡ್ಜವೇ ಅಪಸ್ವರವಾಗುತ್ತದೆ. ಒಂದೇ ಸ್ಕೇಲ್ ಹಿಡಿದು ಇಡೀ ಹಾಡನ್ನು ದಾಟಲು ಹೋದಾಗ ಏನೋ ಸರಿಯಿಲ್ಲ ಅನ್ನಿಸುವುದು ಇಂತಹ ಜಾಗಗಳಲ್ಲೇ.

ಮೊದಲ ಕೆಲಸ, ಹಾಡಿನ ಮಟ್ಟು. 1938ರಲ್ಲಿ ಬರೀ ವಾದ್ಯಗಳಲ್ಲಿ, 1940ರಲ್ಲಿ ಸಾಹಿತ್ಯದೊಂದಿಗೆ ಧ್ವನಿಮುದ್ರಣವಾದ ‘ಸ್ಯಾನ್ ಆಂಟೋನಿಯೊ ರೋಸ್’ ಆರಂಭಕ್ಕೆ ಒಳ್ಳೆಯದು, ಏಕೆಂದರೆ ಅದರ ನಡುವಿನ ಭಾಗ ಮೂಲ ಶ್ರುತಿಯ ಪಂಚಮವನ್ನೇ ಷಡ್ಜ ಮಾಡಿಕೊಂಡು ನಡೆಯುತ್ತದೆ, ಅಂದರೆ ಶ್ರುತಿ ಬದಲಾಗುವ ಅನುಭವವೂ ಒಂದೇ ಹಾಡಿನಲ್ಲಿ ಸಿಗುತ್ತದೆ. ಮಟ್ಟನ್ನು ಬಾಯಲ್ಲಿ ಹಾಡಿಕೊಳ್ಳಿ, ಅಲಂಕಾರವಿಲ್ಲದೆ ಗಿಟಾರ್‌ನಲ್ಲಿ ನುಡಿಸಿ, ಬಳಿಕ ಫ್ರೆಟ್‌ಬೋರ್ಡ್‌ನ ಇನ್ನೊಂದು ಜಾಗದಲ್ಲಿ ಅದನ್ನೇ ನುಡಿಸಿ. ಆಮೇಲೆ ಕೃತಿಯ ಪಲ್ಲವಿಗೆ ಸಂಗತಿಗಳನ್ನು ಹಾಕುವ ರೀತಿಯಲ್ಲಿ ಮುಂದುವರಿಯಿರಿ: ಮೊದಲ ಸಲ ಒಂದು ಸ್ವರವನ್ನು ಅರ್ಧ ಬೀಟ್ ಮುಂಚೆ ತನ್ನಿ, ಮುಂದಿನ ಸಲ ಎರಡು ಸ್ವರಗಳ ನಡುವೆ ಇನ್ನೊಂದನ್ನು ಸೇರಿಸಿ, ಅದರ ಮುಂದಿನ ಸಲ ಸಾಲಿನ ಕೊನೆಯನ್ನು ಮಾತ್ರ ಬದಲಿಸಿ. ಒಂದು ಸಂಗತಿ ಇನ್ನೊಂದರಿಂದ ಬೆಳೆಯುವಂತೆ ಲೀಡ್ ಕೂಡ ಮಟ್ಟಿನಿಂದಲೇ ಬೆಳೆಯಬೇಕು. ಈ ಹಂತವನ್ನು ಬಿಟ್ಟು ಜಾಝ್ ಪಾಠಗಳ ವಿಡಿಯೊಗಳಿಗೆ ಹಾರಿದವರು ಬೇಗ ವೇಗ ಗಳಿಸುತ್ತಾರೆ, ಆದರೆ ಅವರು ಯಾವ ಹಾಡು ನುಡಿಸುತ್ತಿದ್ದಾರೆ ಎಂಬುದು ಕೇಳುವವರಿಗೆ ಗೊತ್ತಾಗುವುದಿಲ್ಲ.

ಎರಡನೆಯದು ಮೂರು ಮತ್ತು ಏಳನೆಯ ಸ್ವರಗಳು. ಗಿಟಾರ್ ಕೈಯಲ್ಲಿಟ್ಟುಕೊಂಡೇ ಇದನ್ನು ಓದಿ. ಇ ಸೆವೆನ್ತ್‌ಗೆ ಮೂರನೆಯ ತಂತಿಯ 7ನೇ ಫ್ರೆಟ್‌ನಲ್ಲಿ ಡಿ, ನಾಲ್ಕನೆಯ ತಂತಿಯ 6ನೇ ಫ್ರೆಟ್‌ನಲ್ಲಿ ಜಿ ಶಾರ್ಪ್ ಹಿಡಿಯಿರಿ. ಎರಡು ಬೆರಳನ್ನೂ ಒಂದೊಂದು ಫ್ರೆಟ್ ಹಿಂದಕ್ಕೆ ಸರಿಸಿದರೆ ಸಿ ಶಾರ್ಪ್ ಮತ್ತು ಜಿ, ಅಂದರೆ ಎ ಸೆವೆನ್ತ್‌ನ ಮೂರು ಮತ್ತು ಏಳು. ಇನ್ನೊಂದು ಫ್ರೆಟ್ ಹಿಂದಕ್ಕೆ ಸಿ ಮತ್ತು ಎಫ್ ಶಾರ್ಪ್, ಡಿ ಸೆವೆನ್ತ್‌ನ ಏಳು ಮತ್ತು ಮೂರು. ಕೊನೆಗೆ ಮೂರನೆಯ ತಂತಿ 4ನೇ ಫ್ರೆಟ್‌ಗೆ ಇಳಿದು ಬಿ ಆಗುತ್ತದೆ, ನಾಲ್ಕನೆಯ ತಂತಿ 2ನೇ ಫ್ರೆಟ್‌ಗೆ ಇಳಿದು ಇ ಆಗುತ್ತದೆ. ಅದು ಜಿ ಸಿಕ್ಸ್ತ್‌ನ ಮೂರು ಮತ್ತು ಆರು. ನಾಲ್ಕು ಕಾರ್ಡ್‌ಗಳು ಬದಲಾದವು, ಕೈ ಹೆಚ್ಚೆಂದರೆ ನಾಲ್ಕು ಫ್ರೆಟ್ ಸರಿಯಿತು. ಬೇಸ್ ಇಲ್ಲದೆ ಬರೀ ಈ ಎರಡು ತಂತಿಗಳನ್ನು ನುಡಿಸಿದರೂ ಕಾರ್ಡ್‌ಗಳು ಕಿವಿಗೆ ಕಾಣಿಸುತ್ತವೆ. ಡಿ, ಸಿ ಶಾರ್ಪ್, ಸಿ, ಬಿ ಎಂದು ಇಳಿಯುವ ಈ ಎಳೆಯನ್ನು ಪ್ರತಿ ಬಾರ್‌ಗೆ (ನಾಲ್ಕು ಬೀಟ್‌ಗಳ ಒಂದು ಸುತ್ತಿಗೆ) ಒಂದೇ ದೀರ್ಘ ಸ್ವರವಾಗಿ ನುಡಿಸುತ್ತಾ ಹಲವು ದಿನ ಕಳೆಯುವುದು ವ್ಯರ್ಥವಲ್ಲ.

ಈಗ ಆ ಎಳೆಯ ಸುತ್ತ ಓಡಾಟ. ಪ್ರತಿ ಕಾರ್ಡ್‌ಗೆ ಒಂದು ಬಾರ್, ಬಾರ್‌ಗೆ ಎಂಟು ಸ್ವರ ಎಂದಿಟ್ಟುಕೊಳ್ಳಿ. ಇ ಸೆವೆನ್ತ್ ಮೇಲೆ ಜಿ ಶಾರ್ಪ್, ಬಿ, ಇ, ಡಿ, ಬಿ, ಜಿ ಶಾರ್ಪ್, ಡಿ, ಸಿ ಎಂದು ನುಡಿಸಿ ಎ ಸೆವೆನ್ತ್‌ನ ಮೊದಲ ಬೀಟ್‌ನಲ್ಲಿ ಸಿ ಶಾರ್ಪ್ ಮೇಲೆ ಇಳಿಯಿರಿ. ಕೊನೆಯ ಎರಡು ಸ್ವರಗಳನ್ನು ಗಮನಿಸಿ: ಡಿ ಎಂಬುದು ಗುರಿಗಿಂತ ಅರ್ಧ ಸ್ವರ ಮೇಲಿದೆ, ಸಿ ಅರ್ಧ ಸ್ವರ ಕೆಳಗಿದೆ, ಎರಡೂ ಬದಿಯಿಂದ ಸುತ್ತುವರಿದು ನಡುವೆ ಇಳಿದಿದ್ದೀರಿ. ಸಿ ಆ ಕಾರ್ಡ್‌ಗೆ ಸೇರಿದ ಸ್ವರವಲ್ಲ, ಆದರೂ ಕಿವಿಗೆ ಚುಚ್ಚುವುದಿಲ್ಲ, ಏಕೆಂದರೆ ಅದು ಕ್ಷಣ ಮಾತ್ರ ಇದ್ದು ಮನೆಗೆ ತಲುಪಿಸಿಬಿಡುತ್ತದೆ. ಎ ಸೆವೆನ್ತ್ ಮೇಲೂ ಅದೇ ಆಕಾರ: ಸಿ ಶಾರ್ಪ್, ಇ, ಎ, ಜಿ, ಇ, ಸಿ ಶಾರ್ಪ್, ಜಿ, ಎಫ್, ಇಳಿಯುವುದು ಎಫ್ ಶಾರ್ಪ್ ಮೇಲೆ. ಡಿ ಸೆವೆನ್ತ್ ಮೇಲೆ ಎಫ್ ಶಾರ್ಪ್, ಎ, ಡಿ, ಸಿ, ಎ, ಎಫ್ ಶಾರ್ಪ್, ಸಿ, ಎ ಶಾರ್ಪ್; ಇಳಿಯುವುದು ಜಿ ಕಾರ್ಡ್‌ನ ಬಿ ಮೇಲೆ. ಇದನ್ನು ಬಾಯಿಪಾಠ ಮಾಡಿ ಹಾಗೆಯೇ ಒಪ್ಪಿಸಿದರೆ ಜಂಟಿ ವರಸೆಯಂತೆಯೇ ಕೇಳಿಸುತ್ತದೆ ಎಂಬುದು ನಿಜ. ಆದ್ದರಿಂದ ಬೆರಳಿಗೆ ದಾರಿ ತಿಳಿದ ಮೇಲೆ ಅರ್ಧಕ್ಕರ್ಧ ಸ್ವರಗಳನ್ನು ಕಿತ್ತುಹಾಕಿ. ಇ ಸೆವೆನ್ತ್‌ನ ಮೊದಲ ಎರಡು ಬೀಟ್ ಸುಮ್ಮನಿದ್ದು ಕೊನೆಯ ನಾಲ್ಕು ಸ್ವರ ಮಾತ್ರ ನುಡಿಸಿ, ಸಿ ಶಾರ್ಪ್ ಮೇಲೆ ಇಳಿದು ಆ ಇಡೀ ಬಾರ್ ಅಲ್ಲೇ ನಿಲ್ಲಿ. ಸ್ವರಗಳು ಕಡಿಮೆಯಾದಷ್ಟೂ ಕಾರ್ಡ್ ಬದಲಾವಣೆ ಎದ್ದು ಕೇಳಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಯಾವುದೇ ಸ್ವಿಂಗ್ ಸಂಗೀತಕ್ಕೂ ಸಲ್ಲುತ್ತದೆ. ವೆಸ್ಟರ್ನ್ ಸ್ವಿಂಗ್‌ನ ಬಣ್ಣ ಬರುವುದು ಆರನೆಯ ಸ್ವರದಿಂದ. ಈ ಶೈಲಿಯ ಸ್ಟೀಲ್ ಗಿಟಾರ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಸಿ ಸಿಕ್ಸ್ತ್ ಶ್ರುತಿಯಲ್ಲಿ ತಂತಿಗಳನ್ನೇ ಸಿ, ಇ, ಜಿ, ಎ ಎಂದು ಕಟ್ಟಿರುತ್ತಾರೆ. ಕಬ್ಬಿಣದ ಪಟ್ಟಿಯನ್ನು ಎಲ್ಲಿ ಇಟ್ಟರೂ ಸಿಕ್ಸ್ತ್ ಕಾರ್ಡ್ ಸಿದ್ಧ. ನಮ್ಮ ಮಾಮೂಲಿ ಗಿಟಾರ್‌ನಲ್ಲೂ ಆ ಅನುಕೂಲ ಅಡಗಿದೆ. ಸಣ್ಣ ನಾಲ್ಕು ತಂತಿಗಳನ್ನು ಒತ್ತದೆ ಮೀಟಿದರೆ ಡಿ, ಜಿ, ಬಿ, ಇ ಬರುತ್ತವೆ, ಅದೇ ಜಿ ಸಿಕ್ಸ್ತ್. ಒಂದೇ ಬೆರಳನ್ನು 5ನೇ ಫ್ರೆಟ್‌ನಲ್ಲಿ ಅಡ್ಡ ಇಟ್ಟರೆ ಸಿ ಸಿಕ್ಸ್ತ್, 7ನೇ ಫ್ರೆಟ್‌ನಲ್ಲಿ ಡಿ ಸಿಕ್ಸ್ತ್. ಒಂದು ಫ್ರೆಟ್ ಹಿಂದಿನಿಂದ ಜಾರಿಸಿಕೊಂಡು ಬಂದರೆ ಸ್ಟೀಲ್ ಗಿಟಾರ್‌ನ ಛಾಯೆ ಬಂದುಬಿಡುತ್ತದೆ. ಲೀಡ್‌ನ ನಡುವೆ ಇಂತಹ ಒಂದೆರಡು ಜಾರುಗಳು ಸಾಕು.

ಬ್ಲೂಸ್‌ನ ಲೇಪವೂ ಬೇಕು, ಆದರೆ ಲೆಕ್ಕವಿಟ್ಟು. ಜಿ ಕಾರ್ಡ್ ಮೇಲೆ ಬಿ ಫ್ಲಾಟ್‌ನಿಂದ ಬಿಗೆ, ಅಂದರೆ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ, ಒತ್ತಿ ಜಾರುವುದು ಈ ಶೈಲಿಯ ಉಸಿರೇ ಸರಿ. ಹಾಡು ಸಿ ಸೆವೆನ್ತ್‌ಗೆ ಹೋದಾಗ ಮಾತ್ರ ಬಿ ಫ್ಲಾಟ್‌ನಲ್ಲೇ ನಿಲ್ಲಿ, ಏಕೆಂದರೆ ಈಗ ಅದು ಆ ಕಾರ್ಡ್‌ನ ಏಳನೆಯ ಸ್ವರ. ಸಿ ಸೆವೆನ್ತ್ ಆದ ಮೇಲೆ ಅನೇಕ ಹಾಡುಗಳಲ್ಲಿ ಸಿ ಶಾರ್ಪ್ ಡಿಮಿನಿಶ್ಡ್ ಬರುತ್ತದೆ, ಹೆಸರು ಕೇಳಿಯೇ ಹಲವರು ಹಿಂಜರಿಯುತ್ತಾರೆ. ಹೋಲಿಸಿ ನೋಡಿ: ಸಿ ಸೆವೆನ್ತ್‌ನ ಸ್ವರಗಳು ಸಿ, ಇ, ಜಿ, ಬಿ ಫ್ಲಾಟ್, ಡಿಮಿನಿಶ್ಡ್‌ನವು ಸಿ ಶಾರ್ಪ್, ಇ, ಜಿ, ಬಿ ಫ್ಲಾಟ್. ಬದಲಾದದ್ದು ಒಂದೇ ಸ್ವರ. ಸಿ ಸೆವೆನ್ತ್ ಮೇಲೆ ನುಡಿಸಿದ ತುಣುಕನ್ನೇ ಮತ್ತೆ ನುಡಿಸುತ್ತಾ ಸಿ ಇದ್ದಲ್ಲೆಲ್ಲ ಸಿ ಶಾರ್ಪ್ ಇಟ್ಟರೆ, ಕೇಳುವವರಿಗೆ ನೀವು ಬಹಳ ಓದಿಕೊಂಡವರಂತೆ ತೋರುತ್ತೀರಿ.

ಲಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಸ್ವಿಂಗ್‌ನಲ್ಲಿ ಜೋಡಿ ಸ್ವರಗಳು ಸಮನಾಗಿರುವುದಿಲ್ಲ; ನಿಧಾನ ಮತ್ತು ಮಧ್ಯಮ ಗತಿಯಲ್ಲಿ ‘ತಕಿಟ’ ಎಂಬ ತಿಶ್ರದ ‘ತ’ ಮತ್ತು ‘ಟ’ ಮೇಲೆ ಮಾತ್ರ ನುಡಿಸಿದಂತಿರುತ್ತವೆ, ಗತಿ ಏರಿದಂತೆ ಹೆಚ್ಚು ಕಡಿಮೆ ಸಮವಾಗುತ್ತವೆ. ಬೇಸ್ ಒಂದು ಮತ್ತು ಮೂರನೆಯ ಬೀಟ್ ಹಿಡಿಯುವ ಎರಡೆಣಿಕೆಯ ನಡೆ ಈ ಕುಣಿತದ ಅಡಿಪಾಯ, ಎರಡು ಮತ್ತು ನಾಲ್ಕರ ಮೇಲೆ ಒತ್ತು ಬೀಳುತ್ತದೆ. ವಿಲ್ಸ್ ತಂಡದ ಎಲ್ಡನ್ ಶ್ಯಾಂಬ್ಲಿನ್ ಅವರ ರಿದಮ್ ಗಿಟಾರ್ ಕೇಳಿ: ಒಂದೇ ಕಾರ್ಡ್ ಇರುವ ಎರಡು ಬಾರ್‌ಗಳಲ್ಲೂ ಅವರು ಕಾರ್ಡ್‌ನ ರೂಪ ಬದಲಿಸುತ್ತಾ ಕೆಳಗಿನ ತಂತಿಯಲ್ಲಿ ಬೇಸ್‌ನ ನಡಿಗೆಯನ್ನೂ ಒದಗಿಸುತ್ತಾರೆ. ಆ ರಿದಮ್‌ನಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕಲಿತವರಿಗೆ ಲೀಡ್ ಅರ್ಧ ಬಂದಂತೆಯೇ. ಲೀಡ್ ಕಲಿಯಲು ಬಂದವರನ್ನು ನಾನು ಮೊದಲು ರಿದಮ್‌ಗೆ ಕಳುಹಿಸುವುದು ಇದಕ್ಕಾಗಿಯೇ, ಅವರಲ್ಲಿ ಕೆಲವರು ಬೇಸರಪಟ್ಟುಕೊಂಡರೂ.

ಕೇಳ್ಮೆಗೆ ಎರಡು ದಾರಿಗಳನ್ನು ಸೂಚಿಸುತ್ತೇನೆ. 1946–47ರಲ್ಲಿ ರೇಡಿಯೊ ಪ್ರಸಾರಕ್ಕಾಗಿ ವಿಲ್ಸ್ ತಂಡ ಮುದ್ರಿಸಿದ ಟಿಫನಿ ಟ್ರಾನ್ಸ್‌ಕ್ರಿಪ್ಶನ್‌ಗಳಲ್ಲಿ ಸೋಲೊಗಳಿಗೆ ಹೆಚ್ಚು ಜಾಗವಿದೆ. ಜೂನಿಯರ್ ಬರ್ನಾರ್ಡ್ ಅವರ ಒರಟು, ಬ್ಲೂಸ್ ತುಂಬಿದ ಗಿಟಾರ್ ಮತ್ತು ಟೈನಿ ಮೂರ್ ಅವರ ನಯವಾದ ವಿದ್ಯುತ್ ಮ್ಯಾಂಡೊಲಿನ್ ಎರಡೂ ಅಲ್ಲಿ ಸಿಗುತ್ತವೆ. ಅದಕ್ಕೂ ತುಸು ಮುಂಚೆ ಜಿಮ್ಮಿ ವೈಬಲ್ ಮತ್ತು ಕ್ಯಾಮರನ್ ಹಿಲ್ ಇದೇ ತಂಡದಲ್ಲಿ ಜೋಡಿ ಗಿಟಾರ್ ನುಡಿಸಿದ್ದರು. ಇನ್ನೊಂದು ದಾರಿ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್: ಓಕ್ಲಹೋಮ ಸಿಟಿಯಲ್ಲಿ ಬೆಳೆದು, 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿ, 1942ರಲ್ಲಿ ತೀರಿಕೊಂಡ ಅವರ ಧ್ವನಿಮುದ್ರಣಗಳನ್ನು ಸ್ವಿಂಗ್ ಗಿಟಾರ್ ನುಡಿಸುವ ಎಲ್ಲರೂ ಒಂದಲ್ಲ ಒಂದು ಹಂತದಲ್ಲಿ ಕದ್ದಿದ್ದಾರೆ. ಯಾವುದಾದರೂ ಎಂಟು ಬಾರ್ ಆರಿಸಿಕೊಂಡು, ವೇಗ ತಗ್ಗಿಸಿ, ಗಿಟಾರ್ ಮುಟ್ಟುವ ಮುನ್ನ ಬಾಯಲ್ಲಿ ಹಾಡಿ. ಆಮೇಲೆ ನುಡಿಸಿ, ಪ್ರತಿ ಬಾರ್‌ನ ಮೊದಲ ಬೀಟ್‌ನಲ್ಲಿ ಯಾವ ಸ್ವರವಿದೆ, ಅದು ಆ ಕಾರ್ಡ್‌ಗೆ ಏನಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಟ್ಯಾಬ್ (ಯಾವ ತಂತಿಯ ಯಾವ ಫ್ರೆಟ್ ಎಂದು ಅಂಕಿಗಳಲ್ಲಿ ಬರೆದದ್ದು) ನೋಡಿ ಕಲಿತರೆ ಬೆರಳಿಗೆ ಬರುತ್ತದೆ, ಕಿವಿಗೆ ಬರುವುದಿಲ್ಲ.

ಇನ್ನು ಗಿಟಾರ್ ಕೊಳ್ಳುವ ವಿಷಯ. ಹಾಲೋ ಬಾಡಿಯ ನಾದ ಈ ಸಂಗೀತಕ್ಕೆ ಒಪ್ಪುತ್ತದೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಶ್ಯಾಂಬ್ಲಿನ್ ಅವರೇ 1954ರಿಂದ ಚಿನ್ನದ ಬಣ್ಣದ ಫೆಂಡರ್ ಸ್ಟ್ರಾಟೊಕಾಸ್ಟರ್ ಎಂಬ ಸಾಲಿಡ್ ಬಾಡಿ ಗಿಟಾರ್ ನುಡಿಸಿದವರು. ನಿಮ್ಮಲ್ಲಿರುವ ಗಿಟಾರ್‌ಗೆ ಸ್ವಲ್ಪ ದಪ್ಪ ತಂತಿ ಹಾಕಿ, ಡಿಸ್ಟಾರ್ಶನ್ ತೆಗೆದು, ಕುತ್ತಿಗೆಯ ಬಳಿಯ ಪಿಕಪ್ ಆರಿಸಿಕೊಂಡು ಟೋನ್ ಗುಂಡಿಯನ್ನು ತುಸು ಇಳಿಸಿ. ಕೊಳ್ಳಲು ಇಟ್ಟ ಹಣದಲ್ಲಿ ರಿದಮ್ ನುಡಿಸುವ ಗೆಳೆಯರೊಬ್ಬರನ್ನು ವಾರಕ್ಕೊಮ್ಮೆ ಕಾಫಿ ತಿಂಡಿಗೆ ಕರೆದು ಜೊತೆಗೆ ನುಡಿಸುವುದು ಹೆಚ್ಚು ಲಾಭದಾಯಕ. ಅಂತಹವರು ಸಿಗದಿದ್ದರೆ ನಿಮ್ಮದೇ ರಿದಮ್ ಅನ್ನು ಫೋನಿನಲ್ಲಿ ಮುದ್ರಿಸಿಕೊಂಡು ಅದರ ಮೇಲೆ ನುಡಿಸಿ. ರಿದಮ್ ಎಲ್ಲಿ ಎಡವುತ್ತಿದೆ ಎಂಬುದೂ ಆಗಲೇ ಗೊತ್ತಾಗುತ್ತದೆ.