ಶಬ್ದ ಉಂಟು, ಚಿತ್ರ ಇಲ್ಲ: 43 ಇಂಚಿನ ಟಿವಿ ಗುಜರಿಗೆ ಹಾಕುವ ಮೊದಲು

ಬ್ಯಾಕ್‌ಲೈಟ್ (ಪರದೆಗೆ ಹಿಂದಿನಿಂದ ಬೀಳುವ ಬೆಳಕು) ಹೋಗಿ ಒಂದು ಸ್ಟ್ರಿಪ್ (ಸಣ್ಣ ಎಲ್‌ಇಡಿ ಬಲ್ಬುಗಳ ಪಟ್ಟಿ) ಬದಲಿಸಿದ ಟಿವಿ ಎರಡು ತಿಂಗಳಲ್ಲಿ ಮತ್ತೆ ಕತ್ತಲೆಯಾಗಿದೆ, ಬಿಸಾಡೂದಾ ಅಂತ ಇಲ್ಲಿ ಕೇಳಿದವರಿಗೆ ಇದು ಉತ್ತರ. ಮಾರಾಯ್ರೆ, ಹೋದದ್ದು ಒಂದು ಸ್ಟ್ರಿಪ್ ಅಂತ ಒಂದನ್ನೇ ಹಾಕಿಸಿದ್ದು ಎಂತಕ್ಕೆ? ಎರಡು ತಿಂಗಳಲ್ಲಿ ಮತ್ತೆ ಕತ್ತಲೆಯಾಗದೆ ಇನ್ನೇನಾದೀತು! ಶುರುವಿಗೆ ನಾನೂ ಇದೇ ತಪ್ಪು ಮಾಡಿದವನೇ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೇನೆ. ಶಬ್ದ ಬರ್ತದೆ, ಆನ್ ಮಾಡುವಾಗ ಒಂದು ಸೆಕೆಂಡ್ ಬೆಳಕು ಮಿಂಚಿ ಹೋಗ್ತದೆ ಅಂತ ನೀವೇ ಬರೆದಿದ್ದೀರಿ. ಅಂಥ ಟಿವಿ ನೋಡಿ "ಪ್ಯಾನೆಲ್ (ಚಿತ್ರ ಮೂಡುವ ಗಾಜಿನ ಪರದೆ) ಹೋಗಿದೆ, ಹದಿನೆಂಟು ಸಾವಿರ ಆಗ್ತದೆ, ಹೊಸತೇ ತಗೊಳ್ಳಿ" ಅಂದವರು ಟಾರ್ಚ್ ಹಿಡಿದು ನೋಡಿಯೇ ಇಲ್ಲ.

ಇವತ್ತು ರಾತ್ರಿ ಕೋಣೆಯ ಲೈಟ್ ಆರಿಸಿ, ಟಿವಿ ಆನ್ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡೀರಿ. ರಿಮೋಟ್‌ನಲ್ಲಿ ಮೆನು ಒತ್ತಿ. ಮಸುಕಾಗಿ ಅಕ್ಷರ ಕಂಡ್ರೆ ಪ್ಯಾನೆಲ್, ಟಿ-ಕಾನ್ (ಪ್ಯಾನೆಲ್‌ಗೆ ಚಿತ್ರದ ಸಂಕೇತ ಕೊಡುವ ಸಣ್ಣ ಬೋರ್ಡ್), ಮೈನ್ ಬೋರ್ಡ್‌ನ ಚಿತ್ರದ ಭಾಗ ಎಲ್ಲ ಸರಿ ಉಂಟು. ಹೋದದ್ದು ಬ್ಯಾಕ್‌ಲೈಟ್ ಮಾತ್ರ. (ಓಎಲ್‌ಇಡಿಗೆ ಇದು ನಡೆಯೂದಿಲ್ಲ, ಅದಕ್ಕೆ ಬ್ಯಾಕ್‌ಲೈಟೇ ಇಲ್ಲ.)

ಆಮೇಲೆ ಮಲ್ಟಿಮೀಟರ್. ಸ್ಟ್ರಿಪ್‌ಗೆ ಹೋಗುವ ಕನೆಕ್ಟರ್‌ನಲ್ಲಿ ಡಿಸಿ ವೋಲ್ಟೇಜ್‌ನ ದೊಡ್ಡ ರೇಂಜ್‌ನಲ್ಲಿಟ್ಟು ಆನ್ ಮಾಡಿ. ವೋಲ್ಟೇಜ್ ಸರ್‍ರನೆ ಏರಿ ಕೆಳಗೆ ಬಿದ್ರೆ ಡ್ರೈವರ್ (ಸ್ಟ್ರಿಪ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್) ಜೀವಂತ, ಸ್ಟ್ರಿಪ್ ಓಪನ್, ಅಂದ್ರೆ ಎಲ್ಲೋ ಸಂಪರ್ಕ ಕಡಿದಿದೆ. ಏರುವುದೇ ಇಲ್ಲ, ಆದ್ರೆ ಬ್ಯಾಕ್‌ಲೈಟ್ ಆನ್ ಪಿನ್‌ನಲ್ಲಿ (ಬೆಳಕು ಹಚ್ಚು ಅಂತ ಮೈನ್ ಬೋರ್ಡ್ ಹೇಳುವ ಪಿನ್) 3 ವೋಲ್ಟ್ ಆಸುಪಾಸು ಬರ್ತಾ ಉಂಟು ಅಂದ್ರೆ ಡ್ರೈವರ್ ಕಡೆ ನೋಡ್ಬೇಕು. ಆ ಪಿನ್ನೇ ಸತ್ತಿದ್ರೆ ಮೈನ್ ಬೋರ್ಡ್. ನಿಮ್ಮದು ಮಿಂಚಿ ಹೋಗುವುದರಿಂದ ಮೊದಲನೆಯದ್ದೇ ಇರ್ಬೇಕು.

ಸ್ಟ್ರಿಪ್ ಹಾಕುವುದಾದ್ರೆ ಪೂರ್ತಿ ಸೆಟ್ಟೇ ಹಾಕಿ. ಉಳಿದ ಬಲ್ಬುಗಳೂ ಅಷ್ಟೇ ಗಂಟೆ ಉರಿದದ್ದು, ಅಷ್ಟೇ ಬಿಸಿ ತಿಂದದ್ದು. ಬಲ್ಬುಗಳೆಲ್ಲ ಸೀರೀಸ್‌ನಲ್ಲಿ (ಸರಪಳಿಯ ಹಾಗೆ ಒಂದರ ಹಿಂದೆ ಒಂದು) ಇರುವುದರಿಂದ ಒಂದು ಓಪನ್ ಆದ್ರೆ ಇಡೀ ಸಾಲು ಕತ್ತಲೆ. ಹಳೆಯದರ ಮಧ್ಯೆ ಹೊಸತು ಕೂತ್ರೆ ಪರದೆಯಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಬಿಳಿ ಬೇರೆ. ತರುವಾಗ ಇಂಚು ಹೇಳಿ ತರ್ಬೇಡಿ: ಸ್ಟ್ರಿಪ್ ಮೇಲಿನ ಕೋಡ್, ಉದ್ದ, ಬಲ್ಬಿನ ಲೆಕ್ಕ, 3 ವೋಲ್ಟಿನದ್ದೋ 6 ವೋಲ್ಟಿನದ್ದೋ, ಎಲ್ಲ ಸರಿಹೊಂದಬೇಕು. ನೋಡ್ಲಿಕ್ಕೆ ಎರಡೂ ಒಂದೇ ಥರ. ಅಂಟಿಸಲಿಕ್ಕೆ ಥರ್ಮಲ್ ಟೇಪ್ ಬೇಕು. ಫೋಮ್ ಇರುವ ಡಬಲ್ ಟೇಪ್ ಹಾಕಿದ್ರೆ ಬಿಸಿ ತಗಡಿಗೆ ಇಳಿಯೂದಿಲ್ಲ. ಬಲ್ಬಿನ ಮೇಲಿನ ಲೆನ್ಸ್ ಬಿದ್ದಿದ್ರೆ ಎಪಾಕ್ಸಿ ಅಂಟು ಹಾಕಿ. ಸೂಪರ್ ಗ್ಲೂ ಹೊಗೆಗೆ ಲೆನ್ಸ್ ಬೆಳ್ಳಗಾಗ್ತದೆ.

ಈಗ ಮುಖ್ಯ ವಿಷಯ. ಹೊಸ ಸೆಟ್ ಹಾಕಿ ಬಲ್ಬಿಗೆ ಹೋಗುವ ಕರೆಂಟ್ ಇಳಿಸದೆ ಮುಚ್ಚಿದ್ರೆ ಅರ್ಧ ಕೆಲಸ ಅಷ್ಟೆ. ಶೋರೂಮ್‌ನಲ್ಲಿ ಮಿಂಚಬೇಕು ಅಂತ ಎಷ್ಟೋ ಮಾಡೆಲ್‌ನಲ್ಲಿ ಕಂಪೆನಿಯವರೇ ಬಲ್ಬನ್ನು ಅಂಚಿನಲ್ಲಿ ಓಡಿಸಿರ್ತಾರೆ. ಡ್ರೈವರ್ ಐಸಿ ಹತ್ತಿರ ಎಲ್‌ಇಡಿಯ ಮೈನಸ್ ಕಡೆಯಿಂದ ಗ್ರೌಂಡ್‌ಗೆ ಎರಡು-ನಾಲ್ಕು ಸಣ್ಣ ರೆಸಿಸ್ಟರ್ ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿ) ಇರ್ತದೆ. ಬಲ್ಬಿಗೆ ಎಷ್ಟು ಕರೆಂಟ್ ಅಂತ ನಿರ್ಧರಿಸೂದು ಇವೇ. 1 ಓಮಿನ ನಾಲ್ಕು ಇದ್ರೆ ಒಂದನ್ನು ತೆಗೀರಿ: 0.25 ಇದ್ದದ್ದು 0.33 ಆಗಿ ಕರೆಂಟ್ ಮುಕ್ಕಾಲಿಗೆ ಇಳೀತದೆ. ಎರಡೇ ಇದ್ರೆ ಒಂದನ್ನು ತೆಗೆದುಬಿಡ್ಬೇಡಿ, ನೇರ ಅರ್ಧ ಆಗ್ತದೆ. ಆ ಜಾಗಕ್ಕೆ 2 ಓಮ್ ಹಾಕಿ, ಅಲ್ಲೂ ಮುಕ್ಕಾಲೇ ಬರ್ತದೆ. ಬೂಸ್ಟ್ ಮಾಸ್‌ಫೆಟ್‌ನ (ವೋಲ್ಟೇಜ್ ಏರಿಸಲಿಕ್ಕೆ ಇರುವ ಸ್ವಿಚ್ಚಿನಂಥ ಟ್ರಾನ್ಸಿಸ್ಟರ್) ಸೋರ್ಸ್ ಕಾಲಿನಿಂದ ಗ್ರೌಂಡ್‌ಗೆ ಇರುವ ರೆಸಿಸ್ಟರ್ ಬೇರೆಯೇ. ಅದನ್ನು ಕಿತ್ತ್ರೆ ಡ್ರೈವರ್ ಓವರ್‌ಲೋಡ್ ಅಂತ ತಿಳಿದು ಕೂತುಬಿಡ್ತದೆ. ಐಸಿಯ ಡಾಟಾಶೀಟ್ (ಕಂಪೆನಿಯ ವಿವರದ ಹಾಳೆ) ನೋಡದೆ ಕೈ ಹಾಕ್ಬೇಡಿ. ಮುಗಿದ ಮೇಲೆ ಮೀಟರ್ ಸೀರೀಸ್ ಕೊಟ್ಟು ಅಳೀರಿ, 400 ಮಿಲಿ ಆಂಪ್ಸ್ ಇದ್ದದ್ದು 300ಕ್ಕೆ ಬಂದ್ರೆ ಸಾಕು. ಕಣ್ಣಿಗೆ ಹೆಚ್ಚು ವ್ಯತ್ಯಾಸ ಗೊತ್ತಾಗೂದಿಲ್ಲ. ಬೋರ್ಡ್ ಮುಟ್ಟಲಿಕ್ಕೆ ಹೆದರುವವರು ಮೆನುವಿನಲ್ಲಿ ಬ್ಯಾಕ್‌ಲೈಟ್ 50-60ಕ್ಕೆ ಇಳಿಸಿ, ವಿವಿಡ್ ಮೋಡ್ ಬೇಡ. ಬ್ರೈಟ್‌ನೆಸ್ ಇಳಿಸಿದ್ರೆ ಹೆಚ್ಚಿನ ಹಳೇ ಟಿವಿಗಳಲ್ಲಿ ಬ್ಯಾಕ್‌ಲೈಟ್ ಇಳಿಯೂದಿಲ್ಲ. ಈಚಿನ ಸೋನಿಯಲ್ಲಿ ಮಾತ್ರ ಬ್ರೈಟ್‌ನೆಸ್ ಅಂದ್ರೆ ಬ್ಯಾಕ್‌ಲೈಟೇ.

ಬಿಚ್ಚುವಾಗ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರ್ತದೆ. ಸ್ಕ್ರೂಡ್ರೈವರಲ್ಲಿ ಕಿಡಿ ಹಾರಿಸುವ ಶೂರತನ ಬೇಡ, ತಂತಿ ಉರಿಯುವ ಹಳೇ ಥರದ 100 ವ್ಯಾಟ್ ಬಲ್ಬ್ ಕೊಟ್ಟು ಇಳಿಸಿ. 43 ಇಂಚಿನ ಪ್ಯಾನೆಲ್ ಎತ್ತಲಿಕ್ಕೆ ಇಬ್ಬರು ಬೇಕೇ ಬೇಕು. ಅಂಚಿನ ಫಿಲ್ಮ್ ಕೇಬಲ್‌ಗಳು ಒಂದು ಹರಿದ್ರೂ ಅಲ್ಲಿಗೆ ಕಥೆ ಮುಗೀತು, ಆಮೇಲೆ ನಿಜವಾಗಿಯೂ ಪ್ಯಾನೆಲ್ ಹೋದ ಹಾಗೆ. ಒಳಗೆ ಬೆಳಕು ಹರಡುವ ಶೀಟ್‌ಗಳ ಒಂದೇ ಮೂಲೆಗೆ ಪೆನ್ಸಿಲ್ ಗುರುತು ಹಾಕಿ, ಬಟ್ಟೆಯಲ್ಲಿ ಒರೆಸ್ಬೇಡಿ, ಬ್ಲೋವರ್‌ನಲ್ಲಿ ಊದಿ. ಆಟಿಯ ಮಳೆ ಹೊಯ್ಯುವಾಗ ಈ ಕೆಲಸಕ್ಕೆ ಕೂರ್ಬೇಡಿ, ಶೀಟ್ ನಡುವೆ ಪಸೆ ಸಿಕ್ಕಿಕೊಂಡ್ರೆ ಕಲೆ ಹೋಗೂದಿಲ್ಲ. ಅಂಗಡಿಗೆ ಕೊಡುವುದಾದ್ರೆ ಎತ್ತುವಾಗ ಪ್ಯಾನೆಲ್ ಒಡೆದ್ರೆ ಯಾರ ಜವಾಬ್ದಾರಿ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಲೆಕ್ಕಕ್ಕೆ ಬಂದ್ರೆ, ಸೆಟ್ ಮತ್ತು ಕೂಲಿ ಸೇರಿ ಸುಮಾರು ಎರಡೂವರೆಯಿಂದ ನಾಲ್ಕು ಸಾವಿರ. ಅಷ್ಟಕ್ಕೆ ಟಿವಿ ಬಿಸಾಡ್ತಾರಾ? ರಿಪೇರಿ ಖರ್ಚು ಹೊಸತರ ಬೆಲೆಯ ಮೂರನೇ ಒಂದು ಪಾಲು ದಾಟಿದ್ರೆ ಮಾತ್ರ ನಾನು ಬಿಡಿ ಅಂತೇನೆ. ಮೊದಲು ಅರ್ಧ ಅಂತಿದ್ದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಆ ಲೆಕ್ಕ ಸರಿಯಾಗೂದಿಲ್ಲ. ಗಾಜು ಒಡೆದದ್ದಕ್ಕೆ, ಕೇಬಲ್ ತೆಗೆದು ಮತ್ತೆ ಹಾಕಿದ್ರೂ ಹೋಗದ ಉದ್ದ ಗೆರೆಗಳಿಗೆ ದುಡ್ಡು ಸುರೀಬೇಡಿ. ಅಂಚು ಒತ್ತಿ ಬಿಸಿ ಮಾಡಿ ಗೆರೆ ಹೋಗಿಸುವ ವಿಡಿಯೋ ಎಲ್ಲ ನಾಲ್ಕು ದಿನದ ಆಟ.

ಮೈನ್ ಬೋರ್ಡ್ ಸಿಗದಿದ್ರೆ ಯುನಿವರ್ಸಲ್ ಬೋರ್ಡ್ ಹಾಕಿ ಅಂತಾರೆ. ಹಾಕಬಹುದು, ಸ್ಮಾರ್ಟ್ ಅಲ್ಲದ ಬೋರ್ಡಾದ್ರೆ ಸಾದಾ ಟಿವಿ ಆದೀತು ಅಷ್ಟೆ. ಆದ್ರೆ ಪ್ಯಾನೆಲ್ ವೋಲ್ಟೇಜ್ ಆರಿಸುವ ಜಂಪರ್ (ಸಣ್ಣ ಕ್ಲಿಪ್) ಹಾಕಲಿಕ್ಕೆ 3.3, 5, 12 ಅಂತ ಮೂರು ಜಾಗ ಇರ್ತದೆ. 5 ವೋಲ್ಟಿನ ಪ್ಯಾನೆಲ್‌ಗೆ 12 ಕೊಟ್ರೆ ಟಿ-ಕಾನ್ ಸುಡ್ತದೆ. ಸ್ಯಾಮ್‌ಸಂಗ್, ಎಲ್‌ಜಿ, ಸೋನಿಗೆ ಹಳೇ ಬೋರ್ಡಾದ್ರೂ ಹುಡುಕಿದ್ರೆ ಸಿಗ್ತದೆ. ಆಫರ್‌ನಲ್ಲಿ ತಗೊಂಡ ಹೆಸರಿಲ್ಲದವುಗಳಿಗೆ ಎಲ್ಲಿಂದ ತರೂದು?

ಉಳಿದವರಿಗೂ ಹೇಳ್ತೇನೆ, ಎಪ್ರಿಲ್-ಮೇಯ ಸಿಡಿಲಿಗೆ ಸ್ಟೆಬಿಲೈಸರ್ ಅಡ್ಡ ಬರೂದಿಲ್ಲ. ಪ್ಲಗ್ ಜೊತೆ ಡಿಶ್ ಕೇಬಲ್ಲೂ ತೆಗೀರಿ. ಎಚ್‌ಡಿಎಂಐ ಪೋರ್ಟ್ ಸುಡುವುದು ಹೆಚ್ಚಾಗಿ ಆ ದಾರಿಯಿಂದ. ಫ್ಯೂಸ್ ಕಪ್ಪಾಗಿ ಹೋಗಿದ್ರೆ ದೊಡ್ಡ ಫ್ಯೂಸ್ ಹಾಕ್ಬೇಡಿ, ಎಂಒವಿ (ಏರಿದ ವೋಲ್ಟೇಜ್ ತಡೆಯುವ ಬಿಲ್ಲೆ) ಮತ್ತು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಭಾಗ) ನೋಡಿ, ಕರೆಂಟ್ ದಾರಿಯಲ್ಲಿ ತಂತಿ ಬಲ್ಬೊಂದನ್ನು ಸೀರೀಸ್ ಕೊಟ್ಟು ಆನ್ ಮಾಡಿ. ಮಲ್ಪೆ, ಉಳ್ಳಾಲ, ಪಣಂಬೂರು ಕಡೆ ಉಪ್ಪುಗಾಳಿಗೆ ಪಿನ್‌ಗಳು ಹಸಿರು ಕಟ್ಟಿರ್ತವೆ, ಎಷ್ಟೋ ಸಲ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಷ್ ಉಜ್ಜಿದ್ರೆ ಸಾಕು. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ಪಸೆ ಬಿಡುವಲ್ಲಿ ಟಿವಿಯನ್ನು ಗೋಡೆಗೆ ತಾಗಿಸಿ ತೂಗಿಸ್ಬೇಡಿ, ಎರಡು ಇಂಚು ಬಿಡಿ, ದಿನಾ ಅರ್ಧ ಗಂಟೆ ಓಡಿಸಿ. ಹಿಂದಿನ ಗಾಳಿ ಕಿಂಡಿಗೆ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆ ಅಂಟಿಸಿ. ಹಲ್ಲಿ ಪವರ್ ಬೋರ್ಡ್ ಮೇಲೆ ಕೂತು ಶಾರ್ಟ್ ಆದ್ರೆ ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಟಾರ್ಚ್ ಹಿಡಿದು ನೋಡಿದ್ದನ್ನು, ಸ್ಟ್ರಿಪ್ ಮೇಲಿನ ಕೋಡನ್ನು ಫೋಟೋ ತೆಗೆದು ಇಲ್ಲೇ ಹಾಕಿ.